ಬಿದಿರು ಬುಟ್ಟಿಯ ಕಾವು

ಮಗುವಿನ ತೂಕ ಒಂದು ಕೇಜಿ ಆರುನೂರ ಇಪ್ಪತ್ತು ಗ್ರಾಂ ಎಂದು ಚಿತ್ರದುರ್ಗದ ಆಸ್ಪತ್ರೆಯ ಬಿಡುಗಡೆ ಚೀಟಿಯಲ್ಲಿ ಬರೆದಿತ್ತು. ಅದರ ಕೆಳಗೆ ಬೆಚ್ಚಗಿಡಿ, ಎದೆಹಾಲು ಮಾತ್ರ ಕೊಡಿ, ವಾರಕ್ಕೊಮ್ಮೆ ತೂಕ ನೋಡಿ ಎಂದು ಮೂರು ಸಾಲು. ಚೀಟಿಯ ಫೋಟೊ ಕಳಿಸಿದ ಆಶಾ ಕಾರ್ಯಕರ್ತೆ ಮರುನಿಮಿಷಕ್ಕೇ ಫೋನ್ ಮಾಡಿದಳು.

“ಮೇಡಂ, ಬಾಣಂತೀನೂ ಕೂಸೂ ಬಂದವ್ರೆ. ಆದ್ರೆ ಮನೇಗಲ್ಲ, ಗುಡ್ಲಿಗೆ.”

ಶ್ರೀರಾಂಪುರದಿಂದ ಒಳಕ್ಕೆ ಹೋದರೆ ಸಿಗುವ ಒಂದು ಆರೋಗ್ಯ ಕೇಂದ್ರಕ್ಕೆ ನಾನು ವೈದ್ಯೆಯಾಗಿ ಬಂದು ಆಗ ಎಂಟು ತಿಂಗಳಾಗಿತ್ತು. ನಮ್ಮ ವ್ಯಾಪ್ತಿಯಲ್ಲಿ ಕುರಿ ಸಾಕುವವರ ಹಟ್ಟಿಗಳು ಕೆಲವಿವೆ. ಹಟ್ಟಿಯ ಸುತ್ತಿನ ಮುಳ್ಳಿನ ಕಳ್ಳೆಬೇಲಿಯ ಒಳಗೆ ದೇವರಿದ್ದಾನೆ, ಆದ್ದರಿಂದ ಹೆತ್ತವಳು ಸೂತಕ ಕಳೆಯುವವರೆಗೆ ಮಗುವಿನ ಜೊತೆ ಬೇಲಿಯ ಹೊರಗಿನ ಗುಡಿಸಲಿನಲ್ಲಿ ಇರಬೇಕು. ಹಟ್ಟಿಯವರು ಯಾರಾದರೂ ಅವಳನ್ನು ಮುಟ್ಟಿದರೆ ಅವರೂ ಅಷ್ಟು ದಿನ ಹೊರಗೇ. ಈಚೆಗೆ ಎಷ್ಟೋ ಹಟ್ಟಿಗಳು ಇದನ್ನು ಬಿಟ್ಟಿವೆ, ಕೆಲವು ಅರ್ಧಂಬರ್ಧ ಬಿಟ್ಟಿವೆ. ಈ ಹಟ್ಟಿ ಬಿಟ್ಟಿರಲಿಲ್ಲ. ಇಲ್ಲಿ ಹೊರಗಿರುವ ಅವಧಿ ಎರಡು ತಿಂಗಳು. ಮೇಲಾಗಿ ಈ ಮಗು ಹಟ್ಟಿಯ ಪೂಜಾರಿಯ ಮೊಮ್ಮಗಳು, ಅಂದರೆ ಆ ಮನೆಯವರಿಗೆ ಕಟ್ಟುನಿಟ್ಟು ಇನ್ನೂ ಹೆಚ್ಚು.

ನಾನು ಮಧ್ಯಾಹ್ನವೇ ಹೋದೆ. ಪುಷ್ಯ ಮಾಸದ ಗಾಳಿ, ಗುಡ್ಡದ ಮೇಲಿನ ಗಾಳಿಯಂತ್ರಗಳೆಲ್ಲ ಬಿಡುವಿಲ್ಲದೆ ತಿರುಗುತ್ತಿದ್ದವು. ತೆಂಗಿನ ಗರಿ ಹೊದಿಸಿದ ಗುಡಿಸಲು ನನ್ನ ಭುಜದಷ್ಟು ಎತ್ತರ, ಬಗ್ಗಿಯೇ ನುಗ್ಗಬೇಕು. ಒಳಗೆ ಇಪ್ಪತ್ತರ ಹುಡುಗಿಯೊಬ್ಬಳು ಮೊಣಕಾಲು ಮಡಚಿ ಕೂತಿದ್ದಳು. ದಿನ ತುಂಬುವ ಮೊದಲೇ ನೋವು ಬಂದು, ದುರ್ಗಕ್ಕೆ ಒಯ್ಯುವಾಗ ಹೊಳಲ್ಕೆರೆ ದಾಟುತ್ತಿದ್ದಂತೆ ಆಂಬುಲೆನ್ಸಿನಲ್ಲೇ ಹೆತ್ತವಳು. ಮಗುವಿನ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟೆ. ತೊಂಬತ್ತಾರು ಪಾಯಿಂಟ್ ನಾಲ್ಕು. ತೊಂಬತ್ತೇಳೂವರೆ ಮೇಲಾದರೂ ಇರಬೇಕಿತ್ತು. ಇಷ್ಟು ಸಣ್ಣ ಮಗುವಿಗೆ ಮೈಯಲ್ಲಿ ಕೊಬ್ಬಿರುವುದಿಲ್ಲ, ತಣ್ಣಗಾದರೆ ಹಾಲು ಚೀಪುವ ಶಕ್ತಿ ಹೋಗುತ್ತದೆ, ಹಾಲಿಲ್ಲದೆ ಇನ್ನಷ್ಟು ತಣ್ಣಗಾಗುತ್ತದೆ. ಆ ಸುತ್ತಿನಿಂದ ಅದನ್ನು ಹೊರಗೆ ಎಳೆಯುವುದು ಬಹಳ ಕಷ್ಟ.

ಮದ್ದು ಒಂದೇ. ಮಗುವಿಗೆ ಟೊಪ್ಪಿಗೆ, ಕಾಲುಚೀಲ, ಒಂದು ಲಂಗೋಟಿ ಬಿಟ್ಟು ಬೇರೇನೂ ಹಾಕದೆ, ತಾಯಿಯ ಬರಿ ಎದೆಯ ಮೇಲೆ ಕಪ್ಪೆಯ ಹಾಗೆ ಕವುಚಿ ಮಲಗಿಸಿ ಬಟ್ಟೆಯಿಂದ ಬಿಗಿಯಾಗಿ ಕಟ್ಟುವುದು. ಒಂದು ಗಂಟೆ ಎರಡು ಗಂಟೆಯಲ್ಲ, ಸಾಧ್ಯವಾದಷ್ಟೂ ಹೊತ್ತು. ಹಳೆಯ ಪಂಚೆ ತರಿಸಿ ಕಟ್ಟಿ ತೋರಿಸಿದೆ. ಹುಡುಗಿ ಚೆನ್ನಾಗಿಯೇ ಕಲಿತಳು. ಆಮೇಲೆ ಒಂದು ಪ್ರಶ್ನೆ ಕೇಳಿದಳು.

“ನಾನ್ ಉಣ್ಣೋವಾಗ, ಬಟ್ಟೆ ಒಗ್ಯೋವಾಗ, ಬಯಲಿಗೆ ಹೋಗೋವಾಗ ಕೂಸನ್ನ ಯಾರಿಗ್ ಕೊಡ್ಲಿ ಮೇಡಂ?”

ಎದ್ದು ಬೇಲಿಯ ಕಡೆ ಹೋದೆ. ಅಲ್ಲಿ ಪೂಜಾರಿಯ ಹೆಂಡತಿ, ಮಗುವಿನ ಅಜ್ಜಿ, ನಿಂತಿದ್ದರು. ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ಬಿಸಿನೀರಿನ ತಂಬಿಗೆ. ಅದನ್ನು ಗುಡಿಸಲಿಗೂ ಬೇಲಿಗೂ ನಡುವಿನ ಚಪ್ಪಡಿಯ ಮೇಲಿಟ್ಟು ಹಿಂದೆ ಸರಿದರು.

“ಅಜ್ಜಿ, ಕೂಸು ಬದುಕಬೇಕು ಅಂದರೆ ಅದನ್ನು ಎತ್ತಿಕೊಳ್ಳುವವರು ಇನ್ನೊಬ್ಬರು ಬೇಕು. ಇಲ್ಲವಾದರೆ ಮನೆಯೊಳಗೆ ಕರೆದುಕೊಳ್ಳಿ.”

“ನನ್ನ ಮೊಮ್ಮಗಳ ಮ್ಯಾಲೆ ನನಗೆ ಆಸೆ ಇಲ್ವೇನ್ರಿ ಡಾಕ್ಟ್ರೇ?” ಅಜ್ಜಿ ಸಿಟ್ಟಾಗಲಿಲ್ಲ. “ಸೋಮವಾರ ಸೋಮವಾರ ದೇವರಿಗೆ ಎಡೆ ಮಾಡಾಕಿ ನಾನು. ನಾನು ಮುಟ್ಟಿದ್ರೆ ಇಡೀ ಹಟ್ಟೀಗೆ ಮೈಲಿಗೆ ಆಗ್ತೈತೆ. ನೀವು ಓದ್ದೋರು, ಬ್ಯಾರೆ ಏನಾರ ದಾರಿ ಐತೇನು ನೋಡ್ರಿ.”

ಬೇರೆ ದಾರಿಗಳನ್ನೆಲ್ಲ ನೋಡಿದೆ. ನಮ್ಮ ಕೇಂದ್ರದಲ್ಲಿ ಮಗುವನ್ನು ಬೆಚ್ಚಗಿಡುವ ಯಂತ್ರ ಕೆಟ್ಟು ರಿಪೇರಿಗೆ ಹೋಗಿತ್ತು. ಮತ್ತೆ ದುರ್ಗಕ್ಕೆ ಸೇರಿಸೋಣ ಎಂದರೆ ಹುಡುಗಿಯೇ ಅತ್ತಳು. ಅಷ್ಟು ದಿನ ಅಲ್ಲಿ ಒಬ್ಬಳೇ ಇದ್ದವಳು, “ಇಲ್ಲೇ ಸಾಯ್ತೀನಿ, ಅಲ್ಲಿಗ್ ಮಾತ್ರ ಹೋಗಲ್ಲ” ಎಂದಳು. ಪೊಲೀಸರನ್ನೋ ತಹಶೀಲ್ದಾರರನ್ನೋ ಕರೆಸುತ್ತೇನೆ ಎಂದು ನಾನು ಕೂಗಾಡಿದ್ದೂ ಆಯಿತು. ಆಶಾ ಕಾರ್ಯಕರ್ತೆ ನನ್ನನ್ನು ಪಕ್ಕಕ್ಕೆ ಕರೆದಳು. ಅವಳು ಪಕ್ಕದ ಊರಿನವಳು, ಈ ಹಟ್ಟಿಯ ನಾಡಿಮಿಡಿತ ಬಲ್ಲವಳು. “ಇನ್ನೊಂದು ಹಟ್ಟಿಯಾಗೆ ಹಂಗೇ ಗುಡ್ಲು ಕೀಳಿಸಿದ್ರು ಮೇಡಂ. ಮುಂದಿನ ವಾರ ಗುಡ್ಲು ಇನ್ನೂ ದೂರ, ಹೊಲದಾಗೆ ಎದ್ದಿತ್ತು. ನಾನು ಅಲ್ಲೀಗಂಟ ನಡೀಬೇಕಾತು, ಅಷ್ಟೇ” ಎಂದಳು. ಅವತ್ತು ಸಂಜೆ ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದು ಕೇಂದ್ರದಲ್ಲಿದ್ದವರೆಲ್ಲರಿಗೂ ಕಂಡಿರಬೇಕು, ಯಾರೂ ಕೆಲಸದ ಮಾತೆತ್ತಲಿಲ್ಲ.

ನಾನು ಕೂತಿದ್ದ ಕಡೆ ಎದುರಿನ ಬೀರುವಿನ ಮೇಲೆ ಒಂದು ಚಿತ್ರ ಅಂಟಿಸಿತ್ತು. ನಾನು ವೈದ್ಯಕೀಯ ಓದಿದ್ದು ಫಿಲಿಪೈನ್ಸಿನಲ್ಲಿ. ಅದಕ್ಕೇ ನಮ್ಮ ಕೇಂದ್ರದ ಔಷಧ ವಿತರಕರು ನನ್ನನ್ನು ಎದುರಿಗೇ ‘ಫಿಲಿಪೈನ್ ಡಾಕ್ಟ್ರಮ್ಮ’ ಎಂದು ರೇಗಿಸುತ್ತಿದ್ದರು, ಹಿಂದೆ ಏನನ್ನುತ್ತಿದ್ದರೋ ದೇವರೇ ಬಲ್ಲ. ಆ ಚಿತ್ರ ಅಲ್ಲಿನ ಒಬ್ಬ ವೈದ್ಯೆಯದು, ಮಕ್ಕಳ ವೈದ್ಯಕೀಯಕ್ಕೆ ಆ ದೇಶದಲ್ಲಿ ದಾರಿ ಹಾಕಿದವರು. ನಾನು ಅಲ್ಲಿಗೆ ಹೋಗುವ ಹೊತ್ತಿಗೆ ಅವರು ತೀರಿಕೊಂಡು ವರ್ಷಗಳಾಗಿದ್ದವು, ಆದರೂ ನಮ್ಮ ಅಧ್ಯಾಪಕಿಯರು ಅವರನ್ನು ಮನೆಯ ಹಿರಿಯರ ಹಾಗೆ ನೆನೆಯುತ್ತಿದ್ದರು. ಚಿಕ್ಕಂದಿನಲ್ಲೇ ಸತ್ತ ಅಕ್ಕನಿಗೆ ಡಾಕ್ಟರಾಗುವ ಆಸೆಯಿತ್ತಂತೆ, ಅದನ್ನು ತಾವು ಹೊತ್ತುಕೊಂಡವರು. ವೈದ್ಯಕೀಯದಲ್ಲಿ ಹೆಂಗಸರು ಅಷ್ಟಾಗಿ ಕಾಣದಿದ್ದ ಕಾಲದಲ್ಲಿ ಸಮುದ್ರ ದಾಟಿ ಹೋಗಿ ಓದಿ ಬಂದವರು. ಮಕ್ಕಳಿಗೊಂದು ಆಸ್ಪತ್ರೆ ಕಟ್ಟಲು ಸ್ವಂತ ಮನೆ ಮಾರಿ ಆಸ್ಪತ್ರೆಯ ಮಹಡಿಯಲ್ಲೇ ವಾಸವಿದ್ದವರು. ತೊಂಬತ್ತು ದಾಟಿದ ಮೇಲೂ ಗಾಲಿಕುರ್ಚಿಯಲ್ಲಿ ಕೂತು ವಾರ್ಡು ಸುತ್ತುತ್ತಿದ್ದರಂತೆ. ಮತ್ತೆ, ಕರೆಂಟಿಲ್ಲದ ಹಳ್ಳಿಗಳಿಗಾಗಿ ಬಿದಿರಿನ ಬುಟ್ಟಿಯಲ್ಲೇ ಇನ್‌ಕ್ಯುಬೇಟರ್ ಮಾಡಿದವರು. ದೊಡ್ಡ ಬುಟ್ಟಿಯೊಳಗೆ ಚಿಕ್ಕ ಬುಟ್ಟಿ, ಎರಡರ ನಡುವೆ ಬಿಸಿನೀರಿನ ಬಾಟಲಿಗಳು.

ನಾನು ಕುರ್ಚಿಯಿಂದ ಹಾರಿ ಎದ್ದೆ.

ಮರುದಿನ ಶ್ರೀರಾಂಪುರದಲ್ಲಿ ಬುಟ್ಟಿ ಹೆಣೆಯುವವರ ಮುಂದೆ ಕೂತು ಅಳತೆ ಹೇಳಿ ಎರಡು ಬುಟ್ಟಿ ಮಾಡಿಸಿದೆ. ಒಳಬುಟ್ಟಿಗೆ ಹತ್ತಿಯ ಹಾಸು, ಹೊರಬುಟ್ಟಿಗೆ ಹಳೆಯ ಕಂಬಳಿಯ ತುಂಡು, ನಡುವೆ ಆರು ರಬ್ಬರ್ ಬಾಟಲಿ. ಕೇಂದ್ರದಲ್ಲೇ ಖಾಲಿ ಬುಟ್ಟಿಯೊಳಗೆ ಥರ್ಮಾಮೀಟರ್ ಇಟ್ಟು ಗಂಟೆಗೊಮ್ಮೆ ನೋಡಿದೆ. ಎರಡು ಗಂಟೆ ಕಾವು ನಿಂತಿತು, ಮೂರನೆಯ ಗಂಟೆಗೆ ಇಳಿಯಲು ಶುರುವಾಯಿತು. ಹಾಗಾದರೆ ಎರಡು ಗಂಟೆಗೊಮ್ಮೆ ನೀರು ಬದಲಿಸಬೇಕು. ಅಜ್ಜಿ ಕೂಡಲೇ ಒಪ್ಪಿದರು. ಹಟ್ಟಿಯೊಳಗೆ ನೀರು ಕಾಯಿಸಿ ತಂದು ಚಪ್ಪಡಿಯ ಮೇಲಿಡುವುದು, ಸೊಸೆ ಬಂದು ಒಯ್ದು ಬಾಟಲಿಗೆ ತುಂಬುವುದು. ಯಾರೂ ಯಾರನ್ನೂ ಮುಟ್ಟಬೇಕಾಗಿಲ್ಲ. ದೇವರಿಗೂ ಸರಿ, ಡಾಕ್ಟರಿಗೂ ಸರಿ.

ಮೊದಲ ದಿನ ಮಗುವಿನ ಮೈ ಬಿಸಿ ತೊಂಬತ್ತೆಂಟು. ಎರಡನೆಯ ದಿನವೂ ಅಷ್ಟೇ. ವಾರದಲ್ಲಿ ತೂಕ ಎಂಬತ್ತು ಗ್ರಾಂ ಏರಿತು. ನಾನು ಬುಟ್ಟಿಯ ಫೋಟೊ ತೆಗೆದು ಜೊತೆಗೆ ಓದಿದ ಗೆಳತಿಯರಿಗೆಲ್ಲ ಕಳಿಸಿದೆ. ಹೊಸದುರ್ಗದಲ್ಲಿ ನಡೆದ ತಿಂಗಳ ಸಭೆಯಲ್ಲಿ, ಯಾರೂ ಕೇಳದಿದ್ದರೂ ಎದ್ದು ನಿಂತು ಹೇಳಿದೆ. ಬೀಗಿದೆ ಎಂದೇ ಹೇಳಬೇಕು. ವಿದೇಶದ ಡಿಗ್ರಿ ಎಂದು ಮೂಗು ಮುರಿದವರ ಮುಂದೆ ಹಾಗೆ ನಿಲ್ಲುವುದು ಎಷ್ಟು ಹಿತವಾಗಿತ್ತೆಂದರೆ, ಒಂದು ವಿಷಯ ಕಣ್ಣಿಗೆ ಬಿದ್ದರೂ ನಾನು ಅದನ್ನು ಕಡೆಗಣಿಸಿದೆ. ಬುಟ್ಟಿ ಬಂದ ಮೇಲೆ ಹುಡುಗಿ ಮಗುವನ್ನು ಎದೆಗೆ ಕಟ್ಟಿಕೊಳ್ಳುವುದನ್ನು ನಿಲ್ಲಿಸಿದ್ದಳು. ಹಾಲು ಕುಡಿಸಲು ಮಾತ್ರ ಎತ್ತಿಕೊಳ್ಳುತ್ತಿದ್ದಳು. ನಾನು ಬುಟ್ಟಿ ಕೊಟ್ಟಿದ್ದು ಅವಳು ಉಣ್ಣುವ ಹೊತ್ತಿಗೆ, ಬಯಲಿಗೆ ಹೋಗುವ ಹೊತ್ತಿಗೆ ಮಾತ್ರ. ಅದನ್ನು ಒತ್ತಿ ಹೇಳಬೇಕಿತ್ತು, ಹೇಳಲಿಲ್ಲ. ಥರ್ಮಾಮೀಟರ್ ತೊಂಬತ್ತೆಂಟು ತೋರಿಸುತ್ತಿತ್ತಲ್ಲ.

ಮಾರನೆಯ ವಾರದ ಸೋಮವಾರ, ಹನ್ನೊಂದರ ಹೊತ್ತಿಗೆ, ಆಶಾ ಕಾರ್ಯಕರ್ತೆಯ ಫೋನ್ ಬಂತು.

“ಚಪ್ಪಡಿ ಮ್ಯಾಲೆ ನೀರು ಇಟ್ಟಿದ್ದು ಇಟ್ಟಂಗೇ ಐತಂತೆ. ಅಜ್ಜಿ ಕೂಗಿದ್ರೆ ಸೊಸೆ ಓಗೊಡ್ಲಿಲ್ಲಂತೆ. ನಾನು ಬಂದ್ ನೋಡಿದ್ರೆ ಬಾಣಂತಿಗೆ ರಕ್ತ ಹೋಗ್ತೈತೆ ಮೇಡಂ. ಸಿಕ್ಕಾಪಟ್ಟೆ ಹೋಗ್ತೈತೆ.”

ಕೇಂದ್ರದಲ್ಲಿ ಇನ್ನೊಂದು ಹೆರಿಗೆ ನಡೆಯುತ್ತಿತ್ತು, ನರ್ಸನ್ನು ಅಲ್ಲಿಂದ ಕದಲಿಸುವಂತಿರಲಿಲ್ಲ. ಇಂಜೆಕ್ಷನ್ನು, ಗ್ಲೂಕೋಸ್ ಬಾಟಲಿ, ಕೈಗವಸು ಚೀಲಕ್ಕೆ ತುರುಕಿಕೊಂಡು ಒಬ್ಬಳೇ ಸ್ಕೂಟರಿನಲ್ಲಿ ಹೊರಟೆ. ನೂರಾ ಎಂಟಕ್ಕೆ ದಾರಿಯಲ್ಲೇ ಹೇಳಿದೆ. ಆಂಬುಲೆನ್ಸು ಬೇರೊಬ್ಬರನ್ನು ಬಿಡಲು ಹೋಗಿತ್ತು, ಒಂದೂವರೆ ಗಂಟೆಯಾದರೂ ಬೇಕೆಂದರು.

ಗುಡಿಸಲಿನಲ್ಲಿ ಹುಡುಗಿ ಬಿಳಿಚಿಕೊಂಡು ಮಲಗಿದ್ದಳು, ಹಾಸಿದ ಗೋಣಿಚೀಲ ತೊಯ್ದಿತ್ತು. ಹೆರಿಗೆಯಾಗಿ ಮೂರು ವಾರದ ಮೇಲೆ ಹೀಗಾಗುವುದು ಅಪರೂಪ, ಮಾಸಿನ ಚೂರು ಗರ್ಭಕೋಶದೊಳಗೆ ಉಳಿದಿದ್ದರೆ ಆಗುತ್ತದೆ. ನಾಡಿ ನೂರ ಮೂವತ್ತು. ಕಷ್ಟಪಟ್ಟು ನರ ಹುಡುಕಿ ಸೂಜಿ ಹಾಕಿದೆ. ಗ್ಲೂಕೋಸ್ ಬಾಟಲಿಯನ್ನು ಆಶಾ ಕಾರ್ಯಕರ್ತೆಯ ಕೈಗೆ ಕೊಟ್ಟು ಎರಡೂ ಕೈಯಿಂದ ಹಿಂಡುತ್ತಿರಲು ಹೇಳಿದೆ. ಇಂಜೆಕ್ಷನ್ ಕೊಟ್ಟೆ, ರಕ್ತ ನಿಲ್ಲಲಿಲ್ಲ. ಇನ್ನು ಉಳಿದದ್ದು ಒಂದೇ, ಒಂದು ಕೈ ಒಳಗೆ, ಇನ್ನೊಂದು ಕೈ ಹೊಟ್ಟೆಯ ಮೇಲೆ, ಗರ್ಭಕೋಶವನ್ನು ನಡುವೆ ಹಿಡಿದು ಒತ್ತಿಕೊಂಡೇ ಇರುವುದು. ಕೈ ತೆಗೆದರೆ ಮತ್ತೆ ಹರಿಯುತ್ತದೆ.

ಕೈ ಹಾಕುವ ಮೊದಲು ಒಂದು ಕ್ಷಣ ಬುಟ್ಟಿಯೊಳಗೆ ನೋಡಿದ್ದೆ. ಬಾಟಲಿಗಳು ಬಾವಿಯ ಕಲ್ಲಿನ ಹಾಗೆ ತಣ್ಣಗಿದ್ದವು. ಬೆಳಗಿನ ಜಾವದಿಂದ ನೀರು ಬದಲಾಗಿರಲಿಲ್ಲ. ಸುತ್ತಲೂ ಆರು ತಣ್ಣನೆಯ ಬಾಟಲಿ, ನಡುವೆ ಮಗು. ಕಾವು ಕೊಡಲೆಂದು ನಾನು ಇಟ್ಟ ಬಾಟಲಿಗಳೇ ಅದರ ಮೈಯ ಕಾವನ್ನು ಹೀರುತ್ತಿದ್ದವು. ಪಾದ ತಣ್ಣಗೆ, ಹೊಟ್ಟೆಯೂ ತಣ್ಣಗೆ. ಥರ್ಮಾಮೀಟರ್ ತೊಂಬತ್ತನಾಲ್ಕು ಪಾಯಿಂಟ್ ಎರಡು. ಅಳುತ್ತಲೂ ಇರಲಿಲ್ಲ.

ಈಗ ನನ್ನ ಎರಡೂ ಕೈ ತಾಯಿಗೆ, ಆಶಾ ಕಾರ್ಯಕರ್ತೆಯ ಎರಡೂ ಕೈ ಬಾಟಲಿಗೆ. ಮಗು ನನ್ನ ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿ ಸಾಯುತ್ತಿತ್ತು. ನಾನು ಬೇಲಿಯ ಕಡೆಗೆ ಅರಚಿದೆ. “ಯಾರಾದರೂ ಬನ್ನಿ! ಕೂಸನ್ನ ಎದೆಗೆ ಹಾಕಿಕೊಳ್ಳಿ!” ಗಂಡಸರೆಲ್ಲ ಕುರಿ ಹೊಡೆದುಕೊಂಡು ಹೋಗಿದ್ದರು. ಹೆಂಗಸರು ಮಾತಾಡಿಕೊಳ್ಳುವುದು ದೂರದಿಂದ ಕೇಳುತ್ತಿತ್ತು, ಯಾರೂ ಬರಲಿಲ್ಲ. ನಾನು ಬೈದೆ, ಬೇಡಿಕೊಂಡೆ, ಆಮೇಲೆ ಅಳು ಬಂತು. ವೈದ್ಯೆಯಾಗಿ ನಾನು ಅಷ್ಟು ಅಸಹಾಯಕಳಾಗಿದ್ದು ಅದೇ ಮೊದಲು.

ಗುಡಿಸಲಿನ ಹಿಂಬದಿಯ ಗರಿ ಸರಿಯಿತು. ಅಜ್ಜಿ ಬಗ್ಗಿ ಒಳಬಂದರು. ಬೇಲಿ ಸುತ್ತಿ, ಹಿಂದಿನ ಜಾಲಿಯ ಮರೆಯಿಂದ ಬಂದಿದ್ದರು. ಬುಟ್ಟಿಯಿಂದ ಮಗುವನ್ನು ಎತ್ತಿದರು, ಸುತ್ತಿದ ಬಟ್ಟೆ ಬಿಚ್ಚಿದರು, ಕುಪ್ಪಸದ ಗುಂಡಿ ತೆಗೆದು ಬರಿ ಎದೆಗೆ ಹಾಕಿಕೊಂಡು ಮೇಲೆ ಕಂಬಳಿ ಎಳೆದುಕೊಂಡು ಮೂಲೆಗೆ ಒರಗಿದರು. ನಾನು ಹೇಳಿಕೊಡಬೇಕಾದ್ದು ಏನೂ ಇರಲಿಲ್ಲ. ತಲೆ ಒಂದು ಪಕ್ಕಕ್ಕೆ, ಮೂಗು ಹೊರಗೆ, ಎಲ್ಲ ಸರಿಯಾಗಿತ್ತು.

“ಚಳೀಗೆ ಹುಟ್ಟಿದ ಮರೀನ ಹಿಂಗೇ ಇಟ್ಕಂತೀವ್ರಿ,” ಎಂದರು ನನ್ನ ಮುಖ ನೋಡಿ. “ನೀವು ಆಕೀನ್ ನೋಡ್ರಿ.”

ಎಂಟು ತಿಂಗಳಲ್ಲಿ ನಾನು ಅವರನ್ನು ಕುರಿಮರಿಯ ಬಗ್ಗೆ ಒಂದು ಮಾತು ಕೇಳಿರಲಿಲ್ಲ. ಎಷ್ಟು ಚಳಿಗಾಲ, ಎಷ್ಟು ಮರಿಗಳನ್ನು ಅವರು ಹೀಗೆ ಬದುಕಿಸಿರಬೇಕು ಎಂದು ಆಗ ಯೋಚನೆ ಬಂತು. ನನ್ನ ಕೈ ಮರಗಟ್ಟಿತು, ಬೆನ್ನು ಬಿದ್ದುಹೋಯಿತು. ಮುಕ್ಕಾಲು ಗಂಟೆಯ ಮೇಲೆ ರಕ್ತ ಕಡಿಮೆಯಾಯಿತು. ಅದೇ ಹೊತ್ತಿಗೆ ಕಂಬಳಿಯೊಳಗಿಂದ ಸಣ್ಣಗೆ ಅಳು ಕೇಳಿತು. ಮೂವರೂ ಮುಖ ಮುಖ ನೋಡಿಕೊಂಡೆವು.

ಆಂಬುಲೆನ್ಸಿನ ಸದ್ದು ಬಂದಾಗ ಅಜ್ಜಿ ಮಗುವನ್ನು ನನಗೆ ಕೊಟ್ಟರು. ತೊಂಬತ್ತಾರು ಪಾಯಿಂಟ್ ಎಂಟು.

“ಡಾಕ್ಟ್ರೇ, ನಾನು ಇಲ್ಲಿಗೆ ಬಂದಿಲ್ಲ,” ಎಂದರು.

“ಬಂದಿಲ್ಲ ಅಜ್ಜಿ,” ಎಂದೆ.

ಬಂದ ದಾರಿಯಲ್ಲೇ ಹಿಂದಕ್ಕೆ ಹೋದರು. ಹೊಸದುರ್ಗ, ಹೊಳಲ್ಕೆರೆ ದಾಟಿ ದುರ್ಗದವರೆಗೂ ಮಗು ನನ್ನ ಎದೆಯ ಮೇಲಿತ್ತು. ತಾಯಿಗೆ ರಕ್ತ ಕೊಟ್ಟರು, ಒಳಗೆ ಉಳಿದ ಚೂರು ತೆಗೆದರು. ತಾಯಿ ಉಳಿದಳು, ಮಗುವೂ ಉಳಿಯಿತು. ಎರಡು ತಿಂಗಳು ತುಂಬಿದ ಮೇಲೆ ಸೂತಕ ಕಳೆದು ಇಬ್ಬರೂ ಹಟ್ಟಿಯೊಳಗೆ ಹೋದರು.

ಇಲ್ಲಿಗೆ ನಿಲ್ಲಿಸಿದ್ದರೆ ಎಲ್ಲರಿಗೂ ಇಷ್ಟವಾಗುವ ಕಥೆ. ಹಟ್ಟಿಯಲ್ಲಿ ಎಲ್ಲರೂ ಕೇಳಿದರು, ಕೂಸು ಹೇಗೆ ಉಳಿಯಿತು? ಅಜ್ಜಿ ಎಲ್ಲರಿಗಿಂತ ಜೋರಾಗಿ ಹೇಳಿದರು, “ಬುಟ್ಟಿ ಕಣ್ರೇ! ಡಾಕ್ಟ್ರಮ್ಮನ ಬುಟ್ಟಿ ಉಳಿಸ್ತು.” ಬೇರೇನು ಹೇಳಲು ಸಾಧ್ಯವಿತ್ತು? ಮೇಲಿನ ಅಧಿಕಾರಿಗಳು ಬುಟ್ಟಿ ನೋಡಲು ಬಂದರು, ಬೆನ್ನು ತಟ್ಟಿದರು, ಫೋಟೊ ತೆಗೆದರು. ಔಷಧ ವಿತರಕರು ರೇಗಿಸುವುದನ್ನು ಬಿಟ್ಟರು. ನಾನು ಸುಮ್ಮನಿದ್ದೆ. ಅಜ್ಜಿಗೆ ಕೊಟ್ಟ ಮಾತಿಗಾಗಿ ಸುಮ್ಮನಿದ್ದೆ ಎಂದು ಬಹಳ ದಿನ ನಂಬಿಕೊಂಡಿದ್ದೆ. ಹೊಗಳಿಕೆ ಹಿತವಾಗಿತ್ತು ಎಂಬುದೂ ಅಷ್ಟೇ ನಿಜ. ಬುಟ್ಟಿ ತಾಯಿಯ ಎದೆಗೆ ಬದಲಲ್ಲ, ಹೊತ್ತುಹೊತ್ತಿಗೆ ಯಾರೂ ನೋಡದಿದ್ದರೆ ಅದು ಕೊಲ್ಲುತ್ತದೆ ಎಂಬ ಎರಡು ಮಾತನ್ನಾದರೂ ಹೇಳಬಹುದಿತ್ತು. ಹೇಳಿದರೆ ಮುಂದಿನ ಪ್ರಶ್ನೆ ಬರುತ್ತದೆ ಎಂದು ಹೆದರಿದೆ.

ಆಷಾಢದಲ್ಲಿ ಮಾಡದಕೆರೆ ಕಡೆಯ ಒಂದು ಹಟ್ಟಿಯಲ್ಲಿ ಸಣ್ಣ ಮಗು ಹುಟ್ಟಿತು. ಅವರು ಇವರಿಗೆ ನೆಂಟರು. ನನ್ನನ್ನು ಕೇಳದೆ ಬಂದು ಬುಟ್ಟಿ ಒಯ್ದರು, ಅಜ್ಜಿಯೇ ಎತ್ತಿ ಕೊಟ್ಟು ಕಳಿಸಿದ್ದರು. ಅಲ್ಲಿನ ಆರೋಗ್ಯ ಕಾರ್ಯಕರ್ತೆ ನನಗೆ ಫೋನ್ ಮಾಡಿದ್ದು ನಾಲ್ಕನೆಯ ದಿನ, “ನಿಮ್ಮ ಬುಟ್ಟಿ ಇಲ್ಲೈತೆ ಮೇಡಂ, ಒಂದ್ಸಲ ಬರ್ರಿ” ಎಂದು. ನನ್ನ ವ್ಯಾಪ್ತಿಯಲ್ಲ, ಆದರೂ ಹೊರಟೆ. ಸೋನೆ ಮಳೆ, ಬೀಸುವ ಗಾಳಿ. ಗುಡಿಸಲಿನಲ್ಲಿ ಸುಸ್ತಾದ ತಾಯಿ ನಿದ್ದೆ ಹೋಗಿದ್ದಳು. ಬುಟ್ಟಿ ಅವಳ ಪಕ್ಕದಲ್ಲಿತ್ತು. ನಾನು ಬಾಟಲಿಗೆ ಕೈ ತಾಗಿಸಿದೆ, ಆಮೇಲೆ ಮಗುವಿಗೆ. ಎದೆಗೆ ಹಾಕಿಕೊಂಡೆ, ಉಸಿರು ಕೊಟ್ಟೆ, ಬೆರಳಿನಿಂದ ಎದೆ ಒತ್ತಿದೆ. ಮಾಡಬೇಕಾದ್ದನ್ನೆಲ್ಲ ಮಾಡಿದೆ, ಅದು ಬದುಕಲಿಲ್ಲ. ತಾಯಿ ಎದ್ದು ಕೂತು ಕೇಳಿದಳು, “ಬುಟ್ಟಿಯಾಗೇ ಇಟ್ಟಿದ್ದೆ ಕಣ್ರಿ ಮೇಡಂ, ಹೊರಗ್ ತೆಗೀಲೇ ಇಲ್ಲ, ಮತ್ಯಾಕ್ ಹಿಂಗಾತು?”

ಅವಳಿಗೆ ನಾನು ಏನು ಹೇಳಿದೆ ಎಂದು ನೆನಪಿಲ್ಲ. ಮನೆಗೆ ಬಂದ ಮೇಲೆ ಬೀರುವಿನ ಮೇಲಿನ ಚಿತ್ರ ಮನಸ್ಸಿನಲ್ಲಿ ಸುಳಿಯುತ್ತಲೇ ಇತ್ತು. ಆ ಹೆಂಗಸು ಬುಟ್ಟಿ ಇಟ್ಟು ಗಾಡಿ ಹತ್ತಿ ಹೊರಟುಬಿಟ್ಟವರಲ್ಲ. ಮನೆ ಮಾರಿ ಮಕ್ಕಳಿದ್ದ ಕಟ್ಟಡದಲ್ಲೇ ಮಲಗಿದವರು. ನಾನು ಅವರ ಬುಟ್ಟಿಯನ್ನು ಮಾತ್ರ ತಂದಿದ್ದೆ. ಆ ಯೋಚನೆಯಿಂದ ಯಾರಿಗೂ ಪ್ರಯೋಜನವಿರಲಿಲ್ಲ. ಬುಟ್ಟಿಯ ಸುದ್ದಿ ಎಷ್ಟು ಹಟ್ಟಿ ಮುಟ್ಟಿದೆಯೋ ಗೊತ್ತಿರಲಿಲ್ಲ, ಅದನ್ನು ನಿಲ್ಲಿಸಬೇಕಿತ್ತು. ಬುಟ್ಟಿಯ ತಪ್ಪನ್ನು ನನ್ನ ಮೇಲೆ ಹಾಕಿಕೊಳ್ಳುವುದು, ಅಜ್ಜಿಯ ಹೆಸರು ಎತ್ತದಿರುವುದು ಎಂದು ತೀರ್ಮಾನಿಸಿದೆ.

ಎರಡು ದಿನ ಬಿಟ್ಟು ಪೂಜಾರಿಯ ಹಟ್ಟಿಗೆ ಹೋದೆ. ಬೇಲಿಯ ಹೊರಗಿನ ಬೇವಿನ ಮರದ ಕೆಳಗೆ ಎಲ್ಲರೂ ಸೇರಿದರು. ಪೂಜಾರಿ, ಹಿರಿಯರು ಮುಂದೆ, ಹೆಂಗಸರು ಹಿಂದೆ. ಆ ಮಗುವಿನ ಸುದ್ದಿ ಹೇಳಿದೆ. ಬುಟ್ಟಿ ನನ್ನ ತಪ್ಪು, ಇನ್ನು ಯಾರೂ ಬಳಸಬಾರದು, ಎದೆಯ ಕಾವೇ ಮದ್ದು ಎಂದೆ.

ಹಿರಿಯರೊಬ್ಬರು ತಲೆಯಾಡಿಸಿದರು. “ಹಂಗಂದ್ರೆ ಹೆಂಗ್ರಿ ಡಾಕ್ಟ್ರೇ? ನಮ್ಮ ಪೂಜಾರಿ ಮೊಮ್ಮಗಳು ಬುಟ್ಟಿಯಾಗೇ ತಾನೆ ಬದುಕಿದ್ದು?”

“ಅಲ್ಲ. ಅವತ್ತು ಬುಟ್ಟಿ ಅದನ್ನು ಕೊಲ್ಲುತ್ತಿತ್ತು. ಎದೆಗೆ ಹಾಕಿಕೊಂಡಿದ್ದಕ್ಕೆ ಉಳಿಯಿತು.”

“ಯಾರ ಎದೀಗೆ? ಸೊಸೆ ಮೈಮ್ಯಾಲೆ ಎಚ್ಚರ ಇಲ್ದೆ ಬಿದ್ದಿದ್ಲು. ನಿಮ್ಮ ಎಲ್ಡೂ ಕೈ ಆಕೀ ಮ್ಯಾಲಿದ್ವು, ಆಶಾ ಮೇಡಂ ಕೈಯಾಗೆ ಬಾಟ್ಲಿ ಇತ್ತು. ಅದನ್ನ ಅವ್ರೇ ಹೇಳ್ಯಾರೆ.”

ಸುಳ್ಳು ಹೇಳಲು ಜಾಗ ಉಳಿದಿರಲಿಲ್ಲ, ನಿಜ ಹೇಳಲು ನನಗೆ ಹಕ್ಕಿರಲಿಲ್ಲ. ಆಶಾ ಕಾರ್ಯಕರ್ತೆ ನೆಲ ನೋಡುತ್ತಿದ್ದಳು. ಎಲ್ಲರೂ ಕಾಯುತ್ತಿದ್ದರು. ನಾನು ಸುಮ್ಮನಿದ್ದಷ್ಟು ಹೊತ್ತೂ ಬುಟ್ಟಿಯೇ ಗೆಲ್ಲುತ್ತಿತ್ತು.

“ನಾನು,” ಎಂದರು ಹಿಂದಿನಿಂದ ಅಜ್ಜಿ. ಎದ್ದು ನಿಂತಿದ್ದರು. “ನಾನು ಹಾಕ್ಕಂಡಿದ್ದೆ. ಅವತ್ತು ಸೋಮವಾರ. ಸಂಜೀಗೆ ಎಡೇನೂ ನಾನೇ ಮಾಡಿದೆ.”

ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಒಂದಿಷ್ಟು ಜಗಳವಾಡಬಹುದಿತ್ತು. ಪೂಜಾರಿ ಹೆಗಲ ಮೇಲಿನ ವಸ್ತ್ರ ತೆಗೆದು ಮುಖ ಮುಚ್ಚಿಕೊಂಡರು. ಹೆಂಗಸರು ಅಜ್ಜಿಯ ಪಕ್ಕದಿಂದ ಮೆಲ್ಲಗೆ ಸರಿದರು. ಸೊಸೆ ಮಾತ್ರ, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡವಳು, ಇದ್ದಲ್ಲೇ ನಿಂತು ಬಿಕ್ಕತೊಡಗಿದಳು. ಎಷ್ಟು ದಿನ ಹೊರಗಿರಬೇಕು ಎಂದು ಯಾರೂ ಹೇಳಲಿಲ್ಲ. ಅಜ್ಜಿ ಕಂಬಳಿ ಹೊದ್ದುಕೊಂಡು ಗುಡಿಸಲಿನ ಕಡೆ ನಡೆದರು.

ನಾನು ಹಿಂದೆಯೇ ಓಡಿದೆ. “ತಪ್ಪಾಯಿತು ಅಜ್ಜಿ. ನಿಮ್ಮ ಹೆಸರು ಬರದ ಹಾಗೆ ನೋಡಿಕೊಳ್ಳಬೇಕು ಅಂತಲೇ ಇದ್ದೆ.”

“ಅವತ್ತೇ ಹೇಳಿದ್ರೆ ಆ ಕೂಸು ಉಳೀತಿತ್ತಲ್ರಿ.” ಅಜ್ಜಿ ತಿರುಗಿ ನೋಡಲಿಲ್ಲ. “ನಾನು ಹೇಳಬ್ಯಾಡ್ರಿ ಅಂದೆ, ನೀವು ಸುಮ್ಕಾದ್ರಿ. ಬುಟ್ಟೀನೂ ನಾನೇ ಎತ್ತಿ ಕೊಟ್ಟೆ.”

ಇಬ್ಬರೂ ಗುಡಿಸಲಿನ ಬಾಗಿಲಲ್ಲಿ ಕೂತೆವು. ಗಾಳಿ ಬೀಸುತ್ತಲೇ ಇತ್ತು. ಆಶಾ ಕಾರ್ಯಕರ್ತೆಯೂ ಬಂದು ಪಕ್ಕದಲ್ಲಿ ಕೂತಳು. ಅಜ್ಜಿ ಕಣ್ಣೊರೆಸಿಕೊಂಡು ಅವಳ ಚೀಲದ ಕಡೆ ಕೈ ತೋರಿಸಿದರು.

“ಯಾವ್ಯಾವ ಹಟ್ಟಿಯಾಗೆ ಯಾರ್ಯಾರಿಗೆ ದಿನ ತುಂಬ್ಯಾವೆ ಅಂತ ಪುಸ್ತಕದಾಗೆ ಬರ್ಕಂಡಿರ್ತೀಯಲ್ಲವ್ವ, ತೆಗಿ. ಹೆಂಗೂ ನಾನೀಗ ಹೊರಗಿನಾಕಿ. ಯಾವ ಗುಡ್ಲಿಗೆ ಹೋದ್ರೂ, ಯಾವ ಕೂಸನ್ನ ಮುಟ್ಟಿದ್ರೂ ಇನ್ನ ಮೈಲಿಗೆ ಆಗಾದು ಏನೂ ಉಳಿದಿಲ್ಲ.”

ಆಶಾ ಕಾರ್ಯಕರ್ತೆ ರಿಜಿಸ್ಟರ್ ತೆಗೆದು ನನ್ನ ಕೈಗಿಟ್ಟಳು.

“ಓದ್ರಿ ಡಾಕ್ಟ್ರೇ,” ಎಂದರು ಅಜ್ಜಿ. “ಮೊದಲು ಯಾರ್ ತಾವ ಹೋಗಾಣ?”

ನಾನು ಓದತೊಡಗಿದೆ.